ತಲೆಗೆ ಬಿದ್ದ ಪೆಟ್ಟು: ಹೊಲಿಗೆ ಬಿಚ್ಚಿದ ಮೇಲೆ ಏನು?

ತಲೆಗೆ ಪೆಟ್ಟು ಬಿದ್ದವರು ಆಸ್ಪತ್ರೆಯಿಂದ ಮನೆಗೆ ಬಂದರೆ ಗಂಡಾಂತರ ಕಳೆಯಿತು ಎಂದು ಮನೆಮಂದಿ ದೇವರಿಗೆ ಕೈಮುಗಿಯುತ್ತಾರೆ. ಅದು ಸಹಜ. ಆದರೆ ಕೆಲವು ಮನೆಗಳಲ್ಲಿ ನಿಜವಾದ ತೊಂದರೆ ಕಾಣಿಸಿಕೊಳ್ಳುವುದು ಅನಂತರವೇ. ಹೊಲಿಗೆ ಬಿಚ್ಚಿರುತ್ತದೆ, ಗಾಯ ಮಾಯ್ದಿರುತ್ತದೆ, ನಡೆದಾಡುವುದರಲ್ಲಿ ತೊಂದರೆ ಇರುವುದಿಲ್ಲ. ಆದರೂ ಹೆಂಡತಿ ವೈದ್ಯರ ಮುಂದೆ ಕೂತು ಹೇಳುತ್ತಾಳೆ: 'ನಮ್ಮ ಮನಿಯವರು ಮೊದಲಿನಂಗ ಇಲ್ರೀ.'

ಹಿಂದವಾಡಿಯಿಂದ ಖಾನಾಪುರದವರೆಗೆ ಯಾವ ಊರಲ್ಲಾದರೂ ಇಂಥ ಮನೆ ಇರಬಹುದು. ಲೆಕ್ಕಪತ್ರದಲ್ಲಿ ಚುರುಕಾಗಿದ್ದವರು ಚಿಲ್ಲರೆ ಎಣಿಸಲು ತಡವರಿಸುತ್ತಾರೆ. ಶಾಂತ ಸ್ವಭಾವದವರು ಮಕ್ಕಳ ಮೇಲೆ ಸಣ್ಣ ಮಾತಿಗೂ ರೇಗುತ್ತಾರೆ. ನೆರೆಹೊರೆಯವರು 'ಸೊಕ್ಕು' ಎನ್ನುತ್ತಾರೆ, ಮೇಲಧಿಕಾರಿ 'ಸೋಮಾರಿತನ' ಎನ್ನುತ್ತಾರೆ. ಎರಡೂ ಅಲ್ಲ, ಅದು ಮಿದುಳಿಗಾದ ಗಾಯದ ಫಲ ಎಂದು ತಿಳಿಯುವಷ್ಟರಲ್ಲಿ ಕೆಲಸವೂ ಸಂಸಾರವೂ ಹದಗೆಟ್ಟಿರುತ್ತವೆ.

ಪೆಟ್ಟು ಬಿದ್ದಾಗ ಒಳಗೆ ಆಗುವುದೇನು?

ಮಿದುಳು ಸುಮಾರು 1,400 ಗ್ರಾಂ ತೂಗುವ ಬಹಳ ಮೆದುವಾದ ಅಂಗ. ತಲೆಬುರುಡೆಯೊಳಗೆ ಅದು ದ್ರವದಲ್ಲಿ ತೇಲುತ್ತಿರುತ್ತದೆ. ಓಡುವ ಗಾಡಿಯಿಂದ ಬಿದ್ದು ತಲೆ ರಸ್ತೆಗೆ ಬಡಿದಾಗ ಬುರುಡೆ ಥಟ್ಟನೆ ನಿಲ್ಲುತ್ತದೆ, ಒಳಗಿನ ಮಿದುಳು ಮಾತ್ರ ಇನ್ನೂ ಮುಂದಕ್ಕೆ ಚಲಿಸಿ ಮೂಳೆಗೆ ಅಪ್ಪಳಿಸುತ್ತದೆ. ಹಣೆಯ ಹಿಂದಿನ ಭಾಗ ಮತ್ತು ಕಿವಿಯ ಬಳಿಯ ಭಾಗ ಬುರುಡೆಯ ತಳದ ಒರಟು ಮೂಳೆಗೆ ಉಜ್ಜಿಕೊಳ್ಳುತ್ತವೆ. ಯೋಚಿಸಿ ನಡೆಯುವುದು, ಕೋಪ ತಡೆದುಕೊಳ್ಳುವುದು, ನೆನಪಿಟ್ಟುಕೊಳ್ಳುವುದು, ಇವೆಲ್ಲ ಹೆಚ್ಚಾಗಿ ಆ ಭಾಗಗಳದೇ ಕೆಲಸ. ಜೊತೆಗೆ ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಸೂಕ್ಷ್ಮ ನರತಂತುಗಳು ಜಗ್ಗಿ ಹರಿಯುತ್ತವೆ. ಈ ಹಾನಿ ಸಿ.ಟಿ. ಸ್ಕ್ಯಾನಿನಲ್ಲಿ ಅನೇಕ ವೇಳೆ ಕಾಣುವುದಿಲ್ಲ. 'ಸ್ಕ್ಯಾನ್ ಚೆನ್ನಾಗಿದೆ' ಎಂದ ಮಾತ್ರಕ್ಕೆ ರೋಗಿ ನಾಟಕವಾಡುತ್ತಿದ್ದಾನೆ ಎಂದು ತಿಳಿಯಬಾರದು.

ಬೆಂಗಳೂರಿನ ಸಂಶೋಧಕರು

ಪೆಟ್ಟಿನ ದೂರಗಾಮಿ ಪರಿಣಾಮ ಮುಷ್ಟಿಯುದ್ಧದ ಪಟುಗಳಲ್ಲಿ ಎದ್ದು ಕಂಡಿತು. ಮತ್ತೆ ಮತ್ತೆ ತಲೆಗೆ ಗುದ್ದು ತಿಂದವರು ವರ್ಷಗಳ ನಂತರ ಕುಡಿದವರಂತೆ ತೊದಲುವುದನ್ನೂ ತೂರಾಡುವುದನ್ನೂ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿ ವರದಿ ಮಾಡಿದರು. ನಮ್ಮಲ್ಲಿ ಮುಷ್ಟಿಯುದ್ಧಕ್ಕಿಂತ ರಸ್ತೆಯೇ ದೊಡ್ಡ ಶತ್ರು. ಆ ಕಡೆಯಿಂದ ಈ ಪ್ರಶ್ನೆಯನ್ನು ಹಿಡಿದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು. 1974ರಲ್ಲಿ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದುಗೂಡಿ ಹುಟ್ಟಿದ ಈ ಸಂಸ್ಥೆಯಲ್ಲಿ ಮೂವರು ಮೂರು ದಾರಿಯಿಂದ ಈ ವಿಷಯಕ್ಕೆ ದುಡಿದಿದ್ದಾರೆ.

ಡಾ. ಜಿ. ಗುರುರಾಜ್ ಸಾಂಕ್ರಾಮಿಕಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಹೆಸರು ಹೀಗಿದ್ದರೂ ಈ ಶಾಸ್ತ್ರ ಅಂಟುರೋಗಕ್ಕೆ ಮಾತ್ರ ಮೀಸಲಲ್ಲ. ಯಾರಿಗೆ, ಎಲ್ಲಿ, ಯಾವ ಕಾರಣಕ್ಕೆ ಏನಾಗುತ್ತದೆ ಎಂದು ಲೆಕ್ಕವಿಡುವುದೇ ಅದರ ಕೆಲಸ. ಭಾರತದಲ್ಲಿ ಮಿದುಳಿನ ಗಾಯಗಳ ಕುರಿತು 2002ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ಇಂಥ ಗಾಯಗಳಲ್ಲಿ ಶೇ. 60ರಷ್ಟು ರಸ್ತೆ ಅಪಘಾತದಿಂದ, ಶೇ. 20ರಿಂದ 25ರಷ್ಟು ಬೀಳುವುದರಿಂದ, ಶೇ. 10ರಷ್ಟು ಹೊಡೆದಾಟದಿಂದ ಆಗುತ್ತವೆ. ಶೇ. 15ರಿಂದ 20ರಷ್ಟು ಪ್ರಕರಣಗಳಲ್ಲಿ ಮದ್ಯಪಾನದ ಪಾತ್ರವಿತ್ತು. ಇದನ್ನು ಹಣೆಬರಹ ಎಂದು ಕೈಬಿಡುವಂತಿಲ್ಲ, ಬಹುಪಾಲು ತಡೆಯಬಹುದು ಎಂಬುದೇ ಈ ಅಂಕಿಗಳ ಅರ್ಥ.

ಡಾ. ಎಸ್. ಕೆ. ಶಂಕರ್ ನರರೋಗಶಾಸ್ತ್ರಜ್ಞರು. ಅವರ ಮುಂದಾಳುತನದಲ್ಲಿ 1995ರಲ್ಲಿ ನಿಮ್ಹಾನ್ಸ್‌ನಲ್ಲಿ ಮಾನವ ಮಿದುಳಿನ ಭಂಡಾರ ಆರಂಭವಾಯಿತು. ಕುಟುಂಬದವರು ದಾನವಾಗಿ ಕೊಟ್ಟ ಮಿದುಳುಗಳನ್ನು ಸಂಶೋಧನೆಗಾಗಿ ಅಲ್ಲಿ ಕಾಪಾಡಿ ಇಡಲಾಗುತ್ತದೆ. ಅವರೂ ಡಾ. ಎಂ. ಎಂ. ಶ್ರೀನಿವಾಸ್ ಭರತ್ ಅವರೂ ಇದ್ದ ತಂಡ 2015ರಲ್ಲಿ ಪೆಟ್ಟು ಬಿದ್ದ ಮಾನವ ಮಿದುಳಿನ ಅಧ್ಯಯನವನ್ನು ಪ್ರಕಟಿಸಿತು. ಜಜ್ಜಿದ ಭಾಗದಲ್ಲಿ ಮಾತ್ರವಲ್ಲ, ಅದರ ಸುತ್ತಲಿನ ಭಾಗದಲ್ಲೂ ಜೀವಕೋಶಗಳ ಮಟ್ಟದ ಬದಲಾವಣೆಗಳು ಅದರಲ್ಲಿ ಕಂಡವು. ಪೆಟ್ಟು ಒಂದು ಕ್ಷಣದ್ದಾದರೂ ಅದರ ಕೆಲಸ ಆ ಕ್ಷಣಕ್ಕೆ ಮುಗಿಯುವುದಿಲ್ಲ.

ಮೂರನೆಯವರು ಮನಶ್ಶಾಸ್ತ್ರಜ್ಞೆ ಡಾ. ಶೋಭಿನಿ ರಾವ್. ತಲೆಗೆ ಪೆಟ್ಟು ಬಿದ್ದವರ ಗಮನಶಕ್ತಿಯನ್ನು ಮತ್ತೆ ತರಬೇತಿಯಿಂದ ಸುಧಾರಿಸುವ ಕುರಿತು ಅವರು ಸಹಸಂಶೋಧಕಿಯೊಡನೆ 1999ರಲ್ಲಿ ಲೇಖನ ಪ್ರಕಟಿಸಿದರು. ನೆನಪು, ಗಮನ, ಯೋಜನೆ ಮುಂತಾದ ಶಕ್ತಿಗಳನ್ನು ಅಳೆಯಲು ನಮ್ಮ ಜನರ ವಯಸ್ಸಿಗೂ ಓದಿಗೂ ಹೊಂದುವ ಪರೀಕ್ಷೆಗಳ ಕೈಪಿಡಿ ಅವರ ಮತ್ತು ಸಂಗಡಿಗರ ಶ್ರಮದಿಂದ 2004ರಲ್ಲಿ ಹೊರಬಂತು. ನಿಮ್ಹಾನ್ಸ್‌ನ ಈ ತರಬೇತಿ ಪದ್ಧತಿಗೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಬೆರೆಸಿಟ್ಟ ಕಾಳುಗಳನ್ನು ಬೇರೆ ಬೇರೆಯಾಗಿ ಆರಿಸುವುದು, ಅಚ್ಚಾದ ಹಾಳೆಯಲ್ಲಿ ಹೇಳಿದ ಅಕ್ಷರವನ್ನು ಹುಡುಕಿ ಹೊಡೆದುಹಾಕುವುದು, ಇಂಥವೇ ಅಭ್ಯಾಸಗಳು. ದಿನವೂ ಮಾಡಬೇಕು, ನಿಧಾನವಾಗಿ ಕಷ್ಟ ಹೆಚ್ಚಿಸಬೇಕು, ತಜ್ಞರ ಮಾರ್ಗದರ್ಶನವಿರಬೇಕು.

ಮನೆಯವರು ಏನನ್ನು ಗಮನಿಸಬೇಕು?

ಮೊದಲು ಧೈರ್ಯದ ಮಾತು. ಸಣ್ಣ ಪೆಟ್ಟು ಬಿದ್ದವರಲ್ಲಿ ಹೆಚ್ಚಿನವರು ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಪೂರ್ತಿ ಸುಧಾರಿಸುತ್ತಾರೆ. ಆದರೂ ಮನೆಯವರ ಕಣ್ಣು ಅವರ ಮೇಲಿರಲಿ.

ಪೆಟ್ಟು ಬಿದ್ದ ದಿನ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರು ಸೋರುವುದು ಕಂಡರೆ ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಫೋನ್ ಮಾಡಿ. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೋರ್ಟು ಅಲೆಯಬೇಕಾದೀತು ಎಂಬ ಅಂಜಿಕೆ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಹೀಗೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

ವಯಸ್ಸಾದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಚ್ಚಲಲ್ಲಿ ಜಾರಿದ ಅಜ್ಜನಿಗೆ ಆ ದಿನ ಏನೂ ಆಗದಿರಬಹುದು. ಕೆಲವು ವಾರಗಳ ಬಳಿಕ ಮರೆವು, ಮಂಕು, ಒಂದು ಕೈಕಾಲು ಎಳೆಯುವುದು ಶುರುವಾದರೆ 'ವಯಸ್ಸಾಯ್ತು, ಅರಳುಮರಳು' ಎಂದು ಸುಮ್ಮನಾಗಬೇಡಿ. ಮಿದುಳಿನ ಮೇಲ್ಪದರದಲ್ಲಿ ನಿಧಾನವಾಗಿ ರಕ್ತ ಸೇರಿಕೊಂಡಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಅಪಾಯ ಹೆಚ್ಚು. ಸ್ಕ್ಯಾನ್ ಮಾಡಿಸಿ ಸಕಾಲಕ್ಕೆ ಆ ರಕ್ತವನ್ನು ಹೊರತೆಗೆದರೆ ಅನೇಕರು ಮೊದಲಿನಂತಾಗುತ್ತಾರೆ.

ಫಿಟ್ಸ್ ತಿಂಗಳುಗಳ, ವರ್ಷಗಳ ನಂತರವೂ ಬರಬಹುದು. ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಕೆಲವರಿಗೆ ವಾಸನೆ ತಿಳಿಯದಾಗುತ್ತದೆ. ಒಗ್ಗರಣೆ ಸೀದದ್ದೂ ಗ್ಯಾಸ್ ಸೋರಿದ್ದೂ ಗೊತ್ತಾಗದು. ಅಂಥವರನ್ನು ಅಡುಗೆಮನೆಯಲ್ಲಿ ಒಬ್ಬರನ್ನೇ ಬಿಡಬಾರದು. ಗುಣವಾಗುವವರೆಗೆ ಮದ್ಯ ಬೇಡ, ವೈದ್ಯರು ಹೇಳುವವರೆಗೆ ಗಾಡಿ ಓಡಿಸುವುದು ಬೇಡ. ಆಟದಲ್ಲಿ ಪೆಟ್ಟು ತಿಂದ ಹುಡುಗನನ್ನು ಅದೇ ದಿನ ಮತ್ತೆ ಕಣಕ್ಕಿಳಿಸಬೇಡಿ. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯದು ಪ್ರಾಣಕ್ಕೇ ಎರವಾಗಬಹುದು.

ಮರೆಯುವವರನ್ನು ಗದರಿಸಿದರೆ ಮರೆವು ಹೋಗದು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ, ಚೀಟಿಯಲ್ಲಿ ಬರೆದಿಡಿ. ಗದ್ದಲ ಕಡಿಮೆ ಮಾಡಿ, ನಿದ್ದೆ ಚೆನ್ನಾಗಿ ಆಗಲಿ. ಕೆಲಸಕ್ಕೆ ಮರಳುವಾಗ ಮೊದಲು ಅರ್ಧ ದಿನ, ಆಮೇಲೆ ಪೂರ್ತಿ ದಿನ. ಮೂರು ತಿಂಗಳಾದರೂ ಸ್ವಭಾವ, ನೆನಪು ಸರಿಹೋಗದಿದ್ದರೆ ನರರೋಗ ತಜ್ಞರನ್ನು ಕಾಣಿ. ಧಾರವಾಡದ ಡಿಮ್ಹಾನ್ಸ್ ನಮ್ಮ ಭಾಗಕ್ಕೆ ಹತ್ತಿರದ್ದು. ಸಲಹೆ ರೋಗಿಗಷ್ಟೇ ಅಲ್ಲ, ಹಗಲಿರುಳು ನೋಡಿಕೊಳ್ಳುವ ಹೆಂಡತಿಗೂ ತಾಯಿಗೂ ಬೇಕಾಗುತ್ತದೆ.

ತಡೆಯುವುದೇ ಮೇಲು

ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2020ರಲ್ಲಿ ತಲೆಗೆ ಬೀಳುವ ಪೆಟ್ಟನ್ನು ಇಳಿವಯಸ್ಸಿನ ಮರೆವಿನ ಕಾಯಿಲೆಗೆ ದಾರಿಯಾಗುವ, ಆದರೆ ತಡೆಯಬಹುದಾದ ಕಾರಣಗಳ ಪಟ್ಟಿಗೆ ಸೇರಿಸಿತು. ಪೆಟ್ಟು ಬಿದ್ದವರಿಗೆಲ್ಲ ಆ ಕಾಯಿಲೆ ಬರುತ್ತದೆ ಎಂದಲ್ಲ, ಅಪಾಯ ಹೆಚ್ಚುತ್ತದೆ ಎಂದಷ್ಟೇ.

ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಮರ್ಶೆಯಂತೆ ಹೆಲ್ಮೆಟ್ ಧರಿಸಿದ ಬೈಕ್ ಸವಾರರಲ್ಲಿ ತಲೆಗೆ ಗಾಯವಾಗುವ ಸಂಭವ ಶೇ. 69ರಷ್ಟು, ಸಾಯುವ ಸಂಭವ ಶೇ. 42ರಷ್ಟು ಕಡಿಮೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಆದರೂ 'ಇಲ್ಲೇ ಗೋವಾವೇಸ್ ತನಕ ಹೋಗಿ ಬರೋದಕ್ಕ ಹೆಲ್ಮೆಟ್ ಯಾಕ?' ಎನ್ನುವವರು ನಮ್ಮಲ್ಲಿದ್ದಾರೆ. ದೂರ ಹೋಗುವ ದಿನವೇ ಬೀಳುತ್ತೇವೆ ಎಂದು ಯಾರೂ ಬರೆದುಕೊಟ್ಟಿಲ್ಲ. ಹೆಲ್ಮೆಟ್ ತಲೆಯ ಮೇಲಿರಲಿ, ಗದ್ದದ ಕೆಳಗಿನ ಪಟ್ಟಿ ಬಿಗಿಯಾಗಿರಲಿ. ಅಜ್ಜ ಅಜ್ಜಿ ಇರುವ ಮನೆಯ ಬಚ್ಚಲು ಜಾರದಿರಲಿ, ಅಲ್ಲೊಂದು ಹಿಡಿಕೆ ಇರಲಿ, ರಾತ್ರಿ ಒಂದು ದೀಪ ಉರಿಯುತ್ತಿರಲಿ. ಇವಿಷ್ಟಕ್ಕೆ ಆಗುವ ಖರ್ಚು ಆಸ್ಪತ್ರೆಯ ಒಂದು ದಿನದ ಖರ್ಚಿಗಿಂತ ಕಡಿಮೆಯೇ.