ವಿದ್ಯಾರ್ಥಿಗಳ ಸೇವಾಕಾರ್ಯ: ಮಳ್ಳೂರಿನಿಂದ ಕಲಿಯಬೇಕಾದುದು
(ಜುಮೇರಾ ಲೇಕ್ ಟವರ್ಸ್‌ನಲ್ಲಿ ನಡೆದ ಕನ್ನಡ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಪಾಠ)



ದುಬೈಯ ಶಾಲೆಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳಲ್ಲಿ ಹಲವರು ಪ್ರೌಢಶಾಲೆಗೆ ಬರುವಷ್ಟರಲ್ಲಿ ತಾವು ಮಾಡಿದ ಸಮಾಜಸೇವೆಯ ಗಂಟೆಗಳನ್ನು ಲೆಕ್ಕವಿಡತೊಡಗುತ್ತಾರೆ. ಮುಂದೆ ಕಾಲೇಜಿನ ಅರ್ಜಿಗಳಲ್ಲಿ ಆ ಲೆಕ್ಕಕ್ಕೆ ಒಂದು ಸ್ಥಾನವೂ ಉಂಟು. ಇದನ್ನು ಹಳಿಯುವ ಉದ್ದೇಶ ನಮಗಿಲ್ಲ. ಆದರೆ ಗಂಟೆಗಳ ಲೆಕ್ಕವೆಲ್ಲ ಕೊಟ್ಟವನದು. ಪಡೆದವನಿಗೆ ಏನಾಯಿತು, ವಿದ್ಯಾರ್ಥಿ ಮನೆಗೆ ಮರಳಿದ ಮೇಲೆ ಅಲ್ಲಿ ಏನು ಉಳಿಯಿತು ಎಂಬುದನ್ನು ಯಾವ ಪ್ರಮಾಣಪತ್ರವೂ ಹೇಳುವುದಿಲ್ಲ. ಇಂದು ಈ ಪ್ರಶ್ನೆಯನ್ನೇ ವಿಚಾರಿಸೋಣ.

ಕಲಿಸುವುದರ ಜೊತೆಗೆ ನೆರೆಹೊರೆಯ ಸೇವೆಗೂ ತೊಡಗುವ ಪರಂಪರೆ ನಮ್ಮ ನಾಡಿನ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಹಳೆಯದು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ಅಲ್ಲಿ ಅಧ್ಯಾಪಕರಾಗಿದ್ದ ಜರ್ಮನ್ ಮೂಲದ ಪಾದ್ರಿ ಅಗಸ್ಟಸ್ ಮುಲ್ಲರ್ ಅದೇ ವರ್ಷ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧ ಕೊಡಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ ಅದು. ಔಷಧ ಹಂಚಿದ ದಿನವೇ ಆ ಕೆಲಸ ಮುಗಿದಿದ್ದರೆ ಈಗ ಅದರ ನೆನಪೂ ಇರುತ್ತಿರಲಿಲ್ಲ.

ಸ್ವತಂತ್ರ ಭಾರತದಲ್ಲಿ ವಿದ್ಯಾರ್ಥಿಸೇವೆಗೆ ಒಂದು ಚೌಕಟ್ಟು ದೊರೆತದ್ದು 1969ರಲ್ಲಿ. ಗಾಂಧೀಜಿಯವರ ಜನ್ಮಶತಾಬ್ದಿಯ ಆ ವರ್ಷ 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾಯಿತು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮತ್ತು ಹಳ್ಳಿಯಲ್ಲೊಂದು ವಿಶೇಷ ಶಿಬಿರ ಎಂಬುದು ಅದರ ಕ್ರಮ. ಕ್ರೈಸ್ತ ಕಾಲೇಜುಗಳೂ ಸೇರಿದಂತೆ ಕರ್ನಾಟಕದ ಕಾಲೇಜುಗಳಲ್ಲಿ ಓದಿದ ನಿಮ್ಮಲ್ಲಿ ಅನೇಕರು ಅಂತಹ ಶಿಬಿರಗಳಲ್ಲಿ ಗುದ್ದಲಿ ಹಿಡಿದಿರಬಹುದು.

ಶಿಬಿರಗಳಿಂದ ವಿದ್ಯಾರ್ಥಿಗೆ ಲಾಭವಿದೆ. ಊರಿಗೆ ಎಷ್ಟು ಲಾಭವೆಂಬುದು ಶಿಬಿರದ ನಂತರದ ದಿನಗಳನ್ನು ಅವಲಂಬಿಸಿದೆ. ವೈದ್ಯರಾದ ನಮಗೆ ಇದು ಸ್ಪಷ್ಟವಾಗಿ ಕಾಣುತ್ತದೆ. ಒಂದೇ ದಿನ ಅಳೆದ ರಕ್ತದೊತ್ತಡ ತುಸು ಹೆಚ್ಚಿದ್ದ ಮಾತ್ರಕ್ಕೆ ಅದನ್ನು ಕಾಯಿಲೆಯೆಂದು ನಿರ್ಣಯಿಸಲಾಗದು. ಬೇರೆ ಬೇರೆ ದಿನಗಳಲ್ಲಿ ಮತ್ತೆ ಅಳೆಯಬೇಕು. ಕಾಯಿಲೆ ಖಚಿತವಾದರೆ ಮಾತ್ರೆಯನ್ನು ಸಾಮಾನ್ಯವಾಗಿ ವರ್ಷಗಟ್ಟಲೆ ನುಂಗಬೇಕು. ಜಂತುಹುಳುವಿನ ಮಾತ್ರೆ ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆ. ಆದರೆ ಶೌಚಾಲಯವಿಲ್ಲದೆ ಬರಿಗಾಲಿನಲ್ಲಿ ಓಡಾಡುವ ಮಗುವಿಗೆ ಕೊಕ್ಕೆಹುಳು ಮಣ್ಣಿನಿಂದ ಮತ್ತೆ ಅಂಟುತ್ತದೆ. ಮರುದಿನ ಯಾರೂ ಇಲ್ಲದ ಕಡೆ ಒಂದು ದಿನದ ಚಿಕಿತ್ಸೆ ಆಸೆ ಹುಟ್ಟಿಸಿ ಕೈಬಿಟ್ಟಂತಾಗುತ್ತದೆ.

ಹಾಗಾದರೆ ದಾರಿ ಯಾವುದು? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುಭವವನ್ನು ನೋಡೋಣ. ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವು 1963ರಲ್ಲಿ ಸ್ಥಾಪಿಸಿದ ಈ ಕಾಲೇಜು, ಆಸ್ಪತ್ರೆಗಳಿಲ್ಲದ ಕಡೆಗಳಲ್ಲಿ ದುಡಿಯುವ ವೈದ್ಯರನ್ನು ತಯಾರಿಸಲು ಬಯಸಿತು. ಆಗಿನ ಕೋಲಾರ ಜಿಲ್ಲೆಯ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ 1973ರಲ್ಲಿ ಒಂದು ಆರೋಗ್ಯ ಸಹಕಾರ ಸಂಘ ರೂಪುಗೊಂಡಿತು. ಅಲ್ಲಿ ಮೊದಲೇ ಹಾಲು ಉತ್ಪಾದಕರ ಸಹಕಾರ ಸಂಘವಿತ್ತು. ರೈತರು ಡೇರಿಗೆ ಹಾಕಿದ ಹಾಲಿನ ಹಣದಲ್ಲಿ ಒಂದು ಸಣ್ಣ ಪಾಲನ್ನು ಆರೋಗ್ಯಕ್ಕೆಂದು ತೆಗೆದಿಟ್ಟರು. ಆ ಹಣ ಚಿಕಿತ್ಸಾಲಯಕ್ಕೆ ಆಧಾರವಾಯಿತು. ಕಾಲೇಜು ವೈದ್ಯರನ್ನೂ ತರಬೇತಿಯನ್ನೂ ಒದಗಿಸಿತು. ಯುವವೈದ್ಯರು ಹಳ್ಳಿಯ ಆರೋಗ್ಯದ ಪಾಠವನ್ನು ಅಲ್ಲಿ ಕಲಿತರು.

ಇಲ್ಲಿರುವ ವ್ಯತ್ಯಾಸವನ್ನು ಗಮನಿಸಬೇಕು. ಚಿಕಿತ್ಸಾಲಯಕ್ಕೆ ಹಣ ಕೊಟ್ಟವರು ಊರವರೇ ಆದ್ದರಿಂದ ಅವರಿಗೆ ಪ್ರಶ್ನಿಸುವ ಹಕ್ಕಿತ್ತು. ವಿದ್ಯಾರ್ಥಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಅವರು ಹೋದರೂ ಸಂಘ ಇರುತ್ತಿತ್ತು. ದಾನಿಯ ಗತ್ತಿನಿಂದ ಬಂದವನೂ ಅಲ್ಲಿ ಶಿಷ್ಯನಾಗಬೇಕಾಗುತ್ತಿತ್ತು.

ಇನ್ನು ನಮ್ಮ ಊರಾದ ದುಬೈಗೆ ಬರೋಣ. ಇಲ್ಲಿಯೂ 1968ರಲ್ಲಿ ಆರಂಭವಾದ ಸೇಂಟ್ ಮೇರೀಸ್ ಕ್ಯಾಥೊಲಿಕ್ ಹೈಸ್ಕೂಲು ಇದೆ. ಬೇರೆ ಶಾಲೆಗಳೂ ಹಲವು. ಯಾವ ಶಾಲೆಯ ಮಕ್ಕಳಾದರೂ ಇಲ್ಲಿನ ಕಾನೂನನ್ನು ತಿಳಿದಿರಬೇಕು. 2018ರಲ್ಲಿ ಸ್ವಯಂಸೇವೆಯ ಬಗ್ಗೆ ಕಾನೂನು ಬಂದಿದೆ. 2021ರ ಕಾನೂನಿನ ಪ್ರಕಾರ ಪರವಾನಗಿಯಿಲ್ಲದೆ ಸಾರ್ವಜನಿಕರಿಂದ ದೇಣಿಗೆ ಸಂಗ್ರಹಿಸುವುದು ಅಪರಾಧ. ಆದಕಾರಣ ಮಕ್ಕಳ ಕೈಗೆ ಡಬ್ಬಿ ಕೊಟ್ಟು ಮನೆ ಮನೆಗೆ ಕಳುಹಿಸಬಾರದು. ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕವೇ ಹೋಗಬೇಕು. ನಮ್ಮಿಂದ ಬಹುದೂರವಲ್ಲದ ಅಲ್ ಬರ್ಶಾದಲ್ಲಿ, ಅಂಗವಿಕಲ ಮಕ್ಕಳಿಗಾಗಿ 1981ರಿಂದ ದುಡಿಯುತ್ತಿರುವ ಅಲ್ ನೂರ್ ಕೇಂದ್ರವಿದೆ. ಇಂತಹ ಕಡೆ ಒಮ್ಮೆ ಹೋಗಿ ಚಿತ್ರ ತೆಗೆಸಿಕೊಂಡು ಬರುವುದಕ್ಕಿಂತ, ಅಲ್ಲಿಯವರು ಹೇಳಿದ ಸಣ್ಣ ಕೆಲಸವನ್ನು ವರ್ಷವಿಡೀ ತಪ್ಪದೆ ಮಾಡುವುದು ಮೇಲು.

ಇನ್ನೊಂದು ಅಗತ್ಯ ನಮ್ಮ ಗೋಪುರಗಳೊಳಗೇ ಇದೆ. ಊರಿನಿಂದ ಬಂದ ತಂದೆತಾಯಿಗಳು, ಮಗ ಸೊಸೆ ಕೆಲಸಕ್ಕೆ ಹೋದ ಬಳಿಕ ಸಂಜೆಯವರೆಗೆ ಒಬ್ಬರೇ ಇರುತ್ತಾರೆ. ಬೆಂಗಳೂರಿನ ವೈದ್ಯರು ಬರೆದ ಮಾತ್ರೆಗಳು ಒಂದು ಚೀಲದಲ್ಲಿ. ಇಲ್ಲಿನ ಔಷಧಾಲಯದವರು ಬೇರೆ ಹೆಸರಿನಲ್ಲಿ ಕೊಟ್ಟ ಅದೇ ಔಷಧ ಇನ್ನೊಂದು ಚೀಲದಲ್ಲಿ. ಎರಡನ್ನೂ ನುಂಗಿ ತಲೆ ಸುತ್ತಿ ಬಿದ್ದ ಹಿರಿಯರನ್ನು ನಾವು ಕಂಡಿದ್ದೇವೆ. ಮನೆಯವರ ಒಪ್ಪಿಗೆ ಪಡೆದು, ಹದಿನೈದು ವರ್ಷದ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಪಕ್ಕದ ಮನೆಯ ಅಜ್ಜಿಯ ಬಳಿ ಕುಳಿತು, ಆಕೆ ನುಂಗುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತುಗಳನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಡಬಹುದು. ಅದನ್ನು ವೈದ್ಯರಿಗೆ ತೋರಿಸುವುದು ಮನೆಯವರ ಹೊಣೆ. ಮಾತ್ರೆಯನ್ನು ಬದಲಿಸುವ ಅಧಿಕಾರ ಹುಡುಗಿಗಿಲ್ಲ. ಬರೆಯುವ ಮಗುವಿಗೆ ಕನ್ನಡವೂ ಕೈಗೂಡುತ್ತದೆ.

ಮಕ್ಕಳು ಸೇವೆಗೆ ಹೊರಟಾಗ ತಾಯಿತಂದೆಯರು ಮೂರು ಪ್ರಶ್ನೆ ಕೇಳಲಿ. ಈ ಕೆಲಸ ಬೇಕೆಂದು ಹೇಳಿದವರು ಯಾರು? ಮುಂದಿನ ವಾರವೂ ಹೋಗುವೆಯಾ? ನೀನು ಹೋಗಲಾಗದ ದಿನ ಅದನ್ನು ಮಾಡುವವರು ಯಾರು? ಉತ್ತರ ದೊರೆತರೆ ಗಂಟೆಗಳ ಲೆಕ್ಕ ತಾನಾಗಿಯೇ ಕೂಡಿಬರುತ್ತದೆ.