ನೆರಳಿನಲ್ಲೇ ಗುರುತು ಸಿಗಬೇಕು

ನನ್ನ ಮೊಮ್ಮಗಳು ಮೊಬೈಲಿನಲ್ಲಿ ಆಡಿಸುವ ಮೀಸೆಯವನನ್ನು ನಿಮ್ಮ ಮನೆಯಲ್ಲೂ ನೋಡಿರಬಹುದು. ಮಾರಿಯೋ ಎಂದು ಹೆಸರು. 1981ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ಅವರು ‘ಡಾಂಕಿ ಕಾಂಗ್’ ಎಂಬ ಆಟಕ್ಕಾಗಿ ಅವನನ್ನು ರೂಪಿಸಿದರು. ಆಗಿನ ಯಂತ್ರದಲ್ಲಿ ಒಂದು ಆಕೃತಿಗೆ ಸಿಗುತ್ತಿದ್ದುದು ಕೆಲವೇ ಚುಕ್ಕಿಗಳು. ನಮ್ಮ ಚುಕ್ಕಿ ರಂಗೋಲಿ, ತಮಿಳರ ಪುಳ್ಳಿ ಕೋಲದಂತೆ ಎಣಿಸಿಯೇ ಬಿಡಿಸಬೇಕು. ಬಾಯಿ ಬರೆಯಲು ಜಾಗವಿಲ್ಲ, ಮೀಸೆ ಇಟ್ಟರು. ಕೂದಲು ಬಿಡಿಸುವುದು ಕಷ್ಟ, ಟೋಪಿ ತೊಡಿಸಿದರು. ಕೈ ಬೀಸುವುದು ಕಾಣಲೆಂದು ತೋಳಿಗೊಂದು ಬಣ್ಣ, ಮೈಗೊಂದು ಬಣ್ಣ. ಅಲಂಕಾರವೆಂದು ನಾವು ತಿಳಿದದ್ದೆಲ್ಲ ಕೊರತೆಯಿಂದ ಹುಟ್ಟಿದ್ದು!

ಇಂದು ಚುಕ್ಕಿಗಳಿಗೆ ಬರವಿಲ್ಲ. ಆದರೂ ಕಲಾವಿದರು ಪಾತ್ರಕ್ಕೆ ಪೂರಾ ಕಪ್ಪು ಬಳಿದು, ಬರಿಯ ಹೊರರೇಖೆಯಿಂದಲೇ ಗುರುತು ಸಿಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ನಮ್ಮ ತೊಗಲು ಗೊಂಬೆಯವರಿಗೆ ಇದು ಹೊಸದಲ್ಲ. ಆಡಿನ ಚರ್ಮ ಹದಮಾಡಿ, ಕತ್ತರಿಸಿ, ತೂತು ಕೊರೆದು, ಬಣ್ಣ ಹಚ್ಚಿ ದೀಪಕ್ಕೆ ಹಿಡಿದರೆ, ಹಿಂದಿನ ಸಾಲಿನವನಿಗೂ ಯಾರೆಂದು ತಿಳಿಯಬೇಕು. ರಾಜನ ಗೊಂಬೆ ದೊಡ್ಡದು, ಸೇವಕನದು ಚಿಕ್ಕದು. ರಾವಣನಿಗೆ ತಲೆಗಳ ಸಾಲೇ ಸಾಕು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ.

ಒಂದು ಸಂಗತಿ ಮಾತ್ರ ನನ್ನನ್ನು ಚುಚ್ಚುತ್ತದೆ. ಆ ಆಟದಲ್ಲಿ ನಗಿಸುವ ಕಿಳ್ಳೇಕ್ಯಾತನಿಗೆ ಕಪ್ಪು ಮೈ, ದಪ್ಪ ತುಟಿ, ಡೊಳ್ಳು ಹೊಟ್ಟೆ. ನಾನೂ ನಕ್ಕವನೇ, ನನ್ನ ಮೈಬಣ್ಣವೂ ಅದೇ. ಮೊನ್ನೆ ಮೊಮ್ಮಗಳು ತನ್ನ ಆಟದ ವೀರನನ್ನು ಬಿಡಿಸಿ ಗುಲಾಬಿ ಬಣ್ಣ ಹಚ್ಚಿದಳು. ಕಂದು ಯಾಕಮ್ಮ ಬೇಡ ಎಂದೆ.

“ಅದು ಕಳ್ಳನಿಗೆ, ತಾತ” ಎಂದಳು.