ಮಂಡಿ ಶಸ್ತ್ರಚಿಕಿತ್ಸೆ: ಅವಸರವೂ ಸಲ್ಲ, ಅತಿ ವಿಶ್ರಾಂತಿಯೂ ಸಲ್ಲ

ಆಟದ ಮೈದಾನದಲ್ಲಿ ಥಟ್ಟನೆ ತಿರುಗುವಾಗ ಅಥವಾ ಜಿಗಿದು ಇಳಿಯುವಾಗ ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯುವುದುಂಟು. ಆಗ ರೋಗಿಯದೇ ಕಾಲಿನ ಸ್ನಾಯುರಜ್ಜುವೊಂದನ್ನು ತೆಗೆದು, ಮೂಳೆಗಳಲ್ಲಿ ಕೊರೆದ ರಂಧ್ರಗಳ ಮೂಲಕ ಹಾಯಿಸಿ ಹೊಸ ಲಿಗಮೆಂಟ್ ಕಟ್ಟಲಾಗುತ್ತದೆ. ಆನಂತರ ಕಾಲಿಗೆ ಯಾವಾಗ ಭಾರ ಹಾಕಬೇಕು? ಈ ಪ್ರಶ್ನೆಗೆ ಮುಖ್ಯ ಸುಳಿವುಗಳು ದೊರೆತದ್ದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ. ಕಸಿಯ ಬಲ ಅಳೆಯಲು ಅದನ್ನು ಹರಿಯುವವರೆಗೆ ಎಳೆಯಬೇಕು. ಮನುಷ್ಯರಲ್ಲಿ ಅದು ಸಾಧ್ಯವಿಲ್ಲ.

ವಿಶ್ರಾಂತಿಯ ಅಪಾಯ

ಅಮೆರಿಕದ ಫ್ರಾಂಕ್ ನಾಯ್ಸ್ 1970ರ ದಶಕದಲ್ಲಿ ಕೋತಿಗಳ ಕಾಲನ್ನು 8 ವಾರ ಅಲುಗಾಡದಂತೆ ಬಿಗಿದಿಟ್ಟು ಪರೀಕ್ಷಿಸಿದರು. ಯಾವುದೇ ಗಾಯವಿಲ್ಲದ ಲಿಗಮೆಂಟ್ ಕೂಡ ತನ್ನ ಬಲದ ಶೇ. 39ರಷ್ಟನ್ನು ಕಳೆದುಕೊಂಡಿತ್ತು. ಅದು ಚೇತರಿಸಿಕೊಳ್ಳಲು ಹಲವು ತಿಂಗಳುಗಳೇ ಬೇಕಾದವು.

ಅವಸರದ ಅಪಾಯ

ನ್ಯೂಯಾರ್ಕ್‌ನ ಸ್ಕಾಟ್ ರೋಡಿಯೊ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಗಳ ಕಣಕಾಲಿನ ಮೂಳೆಯೊಳಗೆ ಸ್ನಾಯುರಜ್ಜುವನ್ನು ಕೂರಿಸಲಾಗಿತ್ತು. 8 ವಾರಗಳವರೆಗೂ ಅದು ಎಳೆದಾಗ ರಂಧ್ರದಿಂದ ಕಿತ್ತು ಬರುತ್ತಿತ್ತು. 12ನೇ ವಾರದ ಹೊತ್ತಿಗೆ ಮೂಳೆಗೆ ಗಟ್ಟಿಯಾಗಿ ಬೆಸೆದುಕೊಂಡಿತ್ತು. ಅಂದರೆ ಮೊದಲ ವಾರಗಳಲ್ಲಿ ದುರ್ಬಲವಾಗಿರುವುದು ಕಸಿ ಮತ್ತು ಮೂಳೆ ಕೂಡುವ ಜಾಗ.

ಇದೇ ತಂಡದವರು 2010ರಲ್ಲಿ ಇಲಿಗಳ ಎಸಿಎಲ್ ಮರುಜೋಡಣೆಯ ಅಧ್ಯಯನ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಾದ ಕೂಡಲೇ ಕಾಲಿಗೆ ಒತ್ತಡ ಹಾಕಿದ ಇಲಿಗಳಿಗಿಂತಲೂ, ದೀರ್ಘಕಾಲ ಅಲುಗಾಡದಂತೆ ಇಟ್ಟವುಗಳಿಗಿಂತಲೂ, ಕೆಲವು ದಿನ ಬಿಟ್ಟು ಹಿತಮಿತವಾಗಿ ಒತ್ತಡ ಹಾಕಿದವುಗಳಲ್ಲಿ ಬೆಸುಗೆ ಉತ್ತಮವಾಗಿತ್ತು.

ಮನುಷ್ಯರಿಗೆ ಅನ್ವಯವೆಷ್ಟು?

ಇಲಿಯ ದಿನಗಳನ್ನು ಮನುಷ್ಯನ ದಿನಗಳಿಗೆ ನೇರವಾಗಿ ಹೋಲಿಸಲಾಗದು. ಪ್ರಾಣಿಗಳು ಊರುಗೋಲು ಹಿಡಿಯುವುದಿಲ್ಲ, ಫಿಸಿಯೋಥೆರಪಿಸ್ಟ್ ಹೇಳಿದಂತೆ ವ್ಯಾಯಾಮವನ್ನೂ ಮಾಡುವುದಿಲ್ಲ. ಮನುಷ್ಯರಲ್ಲಿ ಕಸಿಯನ್ನು ಸ್ಕ್ರೂ ಮುಂತಾದವುಗಳಿಂದ ಭದ್ರಪಡಿಸುವುದರಿಂದ ಮಂಡಿ ಮಡಿಸುವ, ಚಾಚುವ ವ್ಯಾಯಾಮಗಳು ಬೇಗನೆ ಆರಂಭವಾಗುತ್ತವೆ. ಆದರೆ ಪ್ರಾಣಿಗಳಲ್ಲಿ ಕಂಡ ಮೂಲತತ್ವ, ಅಂದರೆ ಚಲನೆ ಬೇಕು, ಭಾರ ಹಂತಹಂತವಾಗಿ ಏರಬೇಕು ಎಂಬುದು ಇಂದಿನ ಚಿಕಿತ್ಸಾಕ್ರಮಕ್ಕೂ ಹೊಂದುತ್ತದೆ.

ನೋವು ಮತ್ತು ಊತ ಇಳಿದೊಡನೆ ಕಾಲು ಸರಿಹೋಯಿತೆಂದು ಮೈದಾನಕ್ಕೆ ಇಳಿಯುವವರು ಗಮನಿಸಬೇಕಾದುದು ಇದನ್ನೇ. ಕಸಿ ಗಟ್ಟಿಯಾಯಿತೇ ಎಂಬುದನ್ನು ನೋವು ಹೇಳುವುದಿಲ್ಲ. ನಾರ್ವೆಯಲ್ಲಿ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಟಕ್ಕೆ ಮರಳುವುದನ್ನು 9 ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿ ಮತ್ತೆ ಗಾಯಗೊಳ್ಳುವ ಪ್ರಮಾಣ ಸುಮಾರು ಅರ್ಧದಷ್ಟು ತಗ್ಗಿತ್ತು. ಯಾವ ಹಂತದಲ್ಲಿ ಎಷ್ಟು ಭಾರ ಎಂಬುದನ್ನು ಚಿಕಿತ್ಸೆ ನೀಡಿದ ವೈದ್ಯರು ಮತ್ತು ಫಿಸಿಯೋಥೆರಪಿಸ್ಟರೇ ನಿರ್ಧರಿಸುವುದು ಸೂಕ್ತ.